ಪ್ರಾಜೆಕ್ಟ್ ಬರೆದುಕೊಡ್ತೀವಿ ಅನ್ನೋರಿಗೆ ನಿಮ್ಮ ರಿಜಿಸ್ಟರ್ ನಂಬರ್ ಕೊಡಬೇಡಿ

ಇದನ್ನು ಹೋದ ವರ್ಷವೇ ಬರೆಯಬೇಕಿತ್ತು. ನಾಚಿಕೆಯಾಗಿ ಬರೆಯಲಿಲ್ಲ. ಮೊನ್ನೆ ಚಿಕ್ಕಪ್ಪನ ಮಗಳು ಫೋನ್ ಮಾಡಿ, "ಅಣ್ಣಾ, ಇನ್ನು ಐದೇ ದಿನ ಇದೆ, ಟೆಲಿಗ್ರಾಂನಲ್ಲಿ ಒಬ್ರು ಪ್ರಾಜೆಕ್ಟ್ ಮಾಡಿಕೊಡ್ತಾರಂತೆ, ಮಾಡಿಸ್ಲಾ?" ಅಂತ ಕೇಳಿದಳು. ಅವಳು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಎದೆ ಧಸಕ್ ಅಂತು. ನನಗೆ ಬಂದಿದ್ದ ಮೆಸೇಜಿನಲ್ಲಿ ಇದ್ದ ಮಾತೇ ಅದರಲ್ಲೂ ಇತ್ತು: ನಿಮ್ಮ ವಿವರ ಯಾರಿಗೂ ಹೇಳುವುದಿಲ್ಲ, ನೂರಕ್ಕೆ ನೂರು ಗ್ಯಾರಂಟಿ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಆದರೆ ಪೂರ್ತಿ ಓದಿ.

ನಾನು ಶಿರಸಿ ಕಡೆಯವನು. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ. ಕಾರವಾರದಲ್ಲಿ ರೂಮು ಮಾಡಿಕೊಂಡು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೆ. ಕೊನೆಯ ಸೆಮಿಸ್ಟರಿಗೆ ಒಂದು ಪ್ರಬಂಧ ಬರೆದು ಕೊಡಬೇಕಿತ್ತು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದಿಂದ ಸಣ್ಣ ಬೆಳೆಗಾರರಿಗೆ ಎಷ್ಟು ಖರ್ಚು ಬೀಳುತ್ತದೆ, ಎಷ್ಟು ಸಾಲ ಆಗುತ್ತದೆ ಅನ್ನೋದು ವಿಷಯ. ನಾನೇ ಆರಿಸಿಕೊಂಡಿದ್ದು, ಅಪ್ಪಯ್ಯ ಪ್ರತಿ ಮಳೆಗಾಲ ಅದೇ ಚಿಂತೆಯಲ್ಲಿ ಇರ್ತಾರಲ್ಲ, ಅದಕ್ಕೇ. ಐವತ್ತು ಮನೆಗೆ ಹೋಗಿ ಫಾರ್ಮ್ ತುಂಬಿಸಿಕೊಂಡು ಬರಬೇಕು. ಗೈಡ್ ಮೇಡಂ ಫೆಬ್ರವರಿಯಲ್ಲೇ ಒಪ್ಪಿಗೆ ಕೊಟ್ಟಿದ್ದರು.

ಫೆಬ್ರವರಿಯಲ್ಲಿ ಮಾಡಲಿಲ್ಲ. ಏಪ್ರಿಲ್, ಮೇ ಪೂರ್ತಿ ಮದುವೆ, ಉಪನಯನ ಅಂತ ಊರೂರು ತಿರುಗಿದೆ. ಜೂನಿನಲ್ಲಿ ಊರಿಗೆ ಹೋದವನು ಅಕ್ಕಪಕ್ಕದ ಹನ್ನೆರಡು ಮನೆಯ ಫಾರ್ಮ್ ತುಂಬಿಸಿಕೊಂಡು ಬಂದೆ. ಉಳಿದ ಮೂವತ್ತೆಂಟಕ್ಕೆ ಮತ್ತೆ ಬರೋಣ ಅಂದುಕೊಂಡೆ. ಸಲ್ಲಿಸುವ ಕೊನೆಯ ದಿನ 2024ರ ಜುಲೈ 26. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆ ದಿನಗಳು ನಮ್ಮ ಜಿಲ್ಲೆಯವರಿಗೆ ಯಾರಿಗೂ ಮರೆಯುವುದಿಲ್ಲ. ಕುಮಟಾ ಮೇಲೆ ದೇವಿಮನೆ ಘಾಟಿ ಹತ್ತಿ ಮನೆಗೆ ಹೋಗುವ ನನ್ನ ದಾರಿ ಮುಚ್ಚಿಹೋಯಿತು. ಯಲ್ಲಾಪುರ ಸುತ್ತಿ ಹೋಗಬಹುದಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮನೆಯಲ್ಲಿ ಈ ಮಳೆಯಲ್ಲಿ ಬರಬೇಡ ಅಂದರು, ನನಗೂ ಅಷ್ಟೇ ಬೇಕಿತ್ತು.

ನಾಲ್ಕು ದಿನ ಉಳಿಯಿತು. ಒಂದು ಪುಟ ಬರೆದಿರಲಿಲ್ಲ. ರೂಮಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಮೇಡಂ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಈ ಸ್ಥಿತಿಯಲ್ಲಿ ಇದ್ದವರಿಗೆ ಮಾತ್ರ ಇದು ಅರ್ಥ ಆಗುತ್ತದೆ. ಮೋಸ ಮಾಡಬೇಕು ಅಂತ ಯಾರೂ ಹೊರಡುವುದಿಲ್ಲ, ಆ ನಾಲ್ಕು ದಿನ ಹೇಗಾದರೂ ದಾಟಿದರೆ ಸಾಕು ಅನ್ನಿಸುತ್ತದೆ, ಅಷ್ಟೇ. ಸರಿಯಾಗಿ ಅಂಥ ಹೊತ್ತಿನಲ್ಲೇ ಆ ಮೆಸೇಜು ಕಣ್ಣಿಗೆ ಬಿತ್ತು. ನೋಟ್ಸ್ ಹಂಚಿಕೊಳ್ಳೋಕೆ ಅಂತ ಇದ್ದ ಒಂದು ಗುಂಪಿನಲ್ಲಿ ಯಾರೋ ಹಾಕಿದ್ದರು.

ಒಟ್ಟು ನಾಲ್ಕು ಸಾವಿರ. ಮೊದಲು ಎರಡು, ಫೈಲ್ ಬಂದಮೇಲೆ ಎರಡು. ಆ ಮನುಷ್ಯ ತುಂಬ ಮರ್ಯಾದೆಯಿಂದ ಮಾತಾಡಿದ. "ಟೆನ್ಷನ್ ಮಾಡ್ಕೋಬೇಡಿ ಬ್ರದರ್, ಈ ವರ್ಷ ನಿಮ್ಮ ಕಡೆಯವರದ್ದೇ ಸುಮಾರು ಮಾಡಿದ್ದೀನಿ" ಅಂದ. ಆಮೇಲೆ ಮೊದಲ ಪುಟಕ್ಕೆ ಬೇಕು ಅಂತ ಒಂದೊಂದಾಗಿ ಕೇಳಿದ. ನನ್ನ ಪೂರ್ತಿ ಹೆಸರು, ರಿಜಿಸ್ಟರ್ ನಂಬರ್, ಕಾಲೇಜು, ವಿಭಾಗ, ಗೈಡ್ ಹೆಸರು, ವಿಭಾಗದ ಮುಖ್ಯಸ್ಥರ ಹೆಸರು. "ಸ್ಪೆಲಿಂಗ್ ತಪ್ಪಾಗಬಾರದು ನೋಡಿ, ಐಡಿ ಕಾರ್ಡ್ ಫೋಟೋ ಹಾಕಿಬಿಡಿ." ಹಾಕಿದೆ. ಮೊದಲ ಪುಟವನ್ನು ನಾನೇ ಹತ್ತು ನಿಮಿಷದಲ್ಲಿ ಟೈಪ್ ಮಾಡಬಹುದಿತ್ತು ಅನ್ನೋದು ಆಗ ಹೊಳೆಯಲೇ ಇಲ್ಲ. ಅವನಿಗೆ ಬೇಕಿದ್ದದ್ದು ಮೊದಲ ಪುಟ ಅಲ್ಲ, ಆ ವಿವರಗಳು.

25ರ ರಾತ್ರಿ ಫೈಲ್ ಬಂತು. ಎಂಬತ್ತನಾಲ್ಕು ಪುಟ. ಪುಟದ ಸಂಖ್ಯೆ, ಕೋಷ್ಟಕ, ಗ್ರಾಫ್ ಎಲ್ಲ ಚೆಂದ ಇತ್ತು. ಓದಲಿಲ್ಲ. ಮೂವತ್ತೆಂಟು ಖಾಲಿ ಫಾರ್ಮ್ ಇತ್ತಲ್ಲ, ಅದನ್ನು ನಾನೂ ರೂಮ್‌ಮೇಟೂ ಬೇರೆ ಬೇರೆ ಪೆನ್ನಿನಲ್ಲಿ ಬೆಳಗಿನ ಜಾವದವರೆಗೆ ತುಂಬಿದೆವು. ನಮ್ಮೂರಿನ ಗುರುತಿನವರ ಹೆಸರನ್ನೇ ಹಾಕುತ್ತಾ ಹೋದೆ. ಒಬ್ಬರ ಹೆಸರು ಬರೆಯುವಾಗ ಕೈ ನಿಂತಿತು, ಅವರು ತೀರಿಕೊಂಡು ಎರಡು ವರ್ಷ ಆಗಿತ್ತು. ಹೊಡೆದು ಹಾಕಿ ಅವರ ಮಗನ ಹೆಸರು ಬರೆದೆ. ಬೆಳಿಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ಪ್ರಿಂಟ್, ಬೈಂಡಿಂಗ್. "ಇದು ನಾನೇ ಸ್ವಂತವಾಗಿ ಮಾಡಿದ ಅಧ್ಯಯನ ಎಂದು ಈ ಮೂಲಕ ಘೋಷಿಸುತ್ತೇನೆ" ಅನ್ನುವ ಪುಟಕ್ಕೆ ಅಂಗಡಿಯ ಗಾಜಿನ ಕೌಂಟರ್ ಮೇಲಿಟ್ಟು ಸಹಿ ಹಾಕಿದೆ. ಕೊಟ್ಟು ಬಂದೆ. ಆ ದಿನ ಎಂಥ ನಿದ್ದೆ ಬಂತು ಅಂದರೆ ಸಂಜೆ ಆರಕ್ಕೆ ಎಚ್ಚರ ಆಯಿತು.

ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಅದರ ಮಾರನೇ ದಿನ. ಎಲ್ಲರೂ ಸೇತುವೆ ನೋಡೋಕೆ ಹೋಗಿದ್ದೆವು. ಅಲ್ಲೇ ನಿಂತಿದ್ದಾಗ ಮೆಸೇಜು ಬಂತು. "ಬ್ರದರ್, ಅರ್ಜೆಂಟ್ ಚಾರ್ಜ್ ಮೂರು ಸಾವಿರ ಬಾಕಿ ಇದೆ." ಅಂಥ ಮಾತೇ ಆಗಿರಲಿಲ್ಲ ಅಂತ ಬರೆದೆ. ಉತ್ತರ ಇಲ್ಲ. ಐದು ನಿಮಿಷ ಬಿಟ್ಟು ಒಂದು ಫೋಟೋ ಬಂತು. ನಮ್ಮಿಬ್ಬರ ಮಾತುಕತೆ, ನಾನು ಕಳಿಸಿದ ಐಡಿ ಕಾರ್ಡು, ದುಡ್ಡು ಹಾಕಿದ ರಸೀದಿ, ಮೂರನ್ನೂ ಒಂದೇ ಪುಟದಲ್ಲಿ ಜೋಡಿಸಿ, ಮೇಲೆ ನಮ್ಮ ಕಾಲೇಜಿನ ಇಮೇಲ್ ವಿಳಾಸ ಟೈಪ್ ಮಾಡಿ ಇಟ್ಟಿದ್ದ. ಕಳಿಸುವುದೊಂದೇ ಬಾಕಿ.

ಮೂರು ಸಾವಿರ ಹಾಕಿದೆ. ವಾರ ಬಿಟ್ಟು ಐದು ಸಾವಿರ ಕೇಳಿದ. ಆಯಿಗೆ, ಅಂದರೆ ಅಮ್ಮನಿಗೆ, ಫೋನ್ ಮಾಡಿ ಪರೀಕ್ಷೆ ಫೀ ಅಂತ ಸುಳ್ಳು ಹೇಳಿದೆ. ಅವರು ಹಾಲಿನ ದುಡ್ಡಿನಲ್ಲಿ ಎತ್ತಿಟ್ಟಿದ್ದನ್ನು ಪಕ್ಕದ ಮನೆಯವರ ಕೈಯಲ್ಲಿ ಫೋನ್‌ಪೇ ಮಾಡಿಸಿ, "ಸಾಕಾಗ್ತಾ ತಮಾ? ಬೇಕಾದ್ರೆ ಹೇಳು" ಅಂದರು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಒಟ್ಟು ಹನ್ನೆರಡು ಸಾವಿರ ಹೋಯಿತು. ವೈವಾಕ್ಕೆ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಗೆ, ಮೂರು ದಿನ ಇರುವಾಗ ಹತ್ತು ಸಾವಿರ ಕೇಳಿದ. ನನ್ನ ಹತ್ತಿರ ಇರಲಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಇವರು ಮಾರೋದು ಪ್ರಬಂಧವನ್ನಲ್ಲ. ನಾಲ್ಕು ಸಾವಿರಕ್ಕೆ ಎಂಬತ್ತು ಪುಟ ಬರೆದುಕೊಟ್ಟು ಯಾರಿಗೂ ಗಿಟ್ಟುವುದಿಲ್ಲ. ಕೊಂಡುಕೊಂಡವನು ಯಾರಿಗೂ ಹೇಳಿಕೊಳ್ಳಲಾರ ಅನ್ನೋದು ಅವರಿಗೆ ಗೊತ್ತು, ದುಡ್ಡು ಬರೋದು ಅಲ್ಲಿಂದ. ನೀವು ಪಾಸಾದ ಮೇಲೂ ಬರುತ್ತಾರೆ, ಕೆಲಸ ಸಿಕ್ಕ ಮೇಲೂ ಬರಬಹುದು.

ಇನ್ನು ಆ ಎಂಬತ್ತನಾಲ್ಕು ಪುಟ. ವೈವಾದ ದಿನ ಹೊರಗಿನಿಂದ ಬಂದಿದ್ದ ಸರ್ ಪುಸ್ತಕ ತಿರುವಿ ಹಾಕುತ್ತಾ, "ನಿಮ್ಮ ಮನೇಲಿ ತೋಟ ಇದೆಯೇನಪ್ಪಾ?" ಅಂದರು. ಇದೆ ಸರ್ ಅಂದೆ. "ಮದ್ದು ಹೊಡೆಯೋದು ಯಾವಾಗ?" ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು, ಮಳೆ ಬಿಡದಿದ್ದರೆ ಮೂರನೇದು ಅಂದೆ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಕೇಳಿದರು. ನೂರು ಲೀಟರ್ ನೀರಿಗೆ ಒಂದೊಂದು ಕೆಜಿ ಅಂದೆ. ಇದನ್ನೆಲ್ಲ ಯಾವ ಪುಸ್ತಕವೂ ನನಗೆ ಹೇಳಿಕೊಡಬೇಕಾಗಿರಲಿಲ್ಲ, ಚಿಕ್ಕಂದಿನಿಂದ ದೋಣಿಯಂಥ ದೊಡ್ಡ ಪೀಪಾಯಿಯಲ್ಲಿ ಕೋಲು ಹಾಕಿ ಕಲಸಿದವನು ನಾನು.

ಅವರು ನಲವತ್ತೊಂದನೇ ಪುಟ ತೆರೆದು ನನ್ನ ಕೈಗೆ ಕೊಟ್ಟರು. "ಗಟ್ಟಿಯಾಗಿ ಓದು."

"ಅಡಿಕೆಯನ್ನು ನಾಟಿ ಮಾಡಿದ 120 ದಿನಗಳಿಗೆ ಕಟಾವು ಮಾಡಲಾಗುತ್ತದೆ. ಎಕರೆಗೆ 25 ಕೆಜಿ ಬಿತ್ತನೆ ಬೀಜ ಬೇಕಾಗುತ್ತದೆ."

ಯಾವುದೋ ಭತ್ತದ ವರದಿ. ಭತ್ತ ಅಂತ ಇದ್ದ ಕಡೆಯೆಲ್ಲ ಅಡಿಕೆ ಅಂತ ಬದಲಾಯಿಸಿದ್ದ, ಅಷ್ಟೇ. ಗಿಡ ನೆಟ್ಟು ಐದಾರು ವರ್ಷ ಕಾಯದೆ ಫಸಲು ಕಾಣದ ಬೆಳೆ ಅದು. ಅಪ್ಪಯ್ಯನ ಕೈಗೆ ಆ ಪುಸ್ತಕ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಅಲ್ಲೇ ನಿಂತು ಯೋಚಿಸಿದೆ. ನಮ್ಮ ಮೇಡಂ ತಲೆ ಎತ್ತಲಿಲ್ಲ. ನನ್ನನ್ನು ನಂಬಿ ಅವರೂ ಸಹಿ ಹಾಕಿದ್ದರಲ್ಲ, ಅವರ ಮರ್ಯಾದೆಯೂ ನನ್ನಿಂದ ಹೋಯಿತು.

ಆಮೇಲೆ ಮೇಡಂ ಒಬ್ಬನನ್ನೇ ಕೂರಿಸಿಕೊಂಡು ಕೇಳಿದರು. ಎಲ್ಲ ಹೇಳಿದೆ. ಹತ್ತು ಸಾವಿರದ ಮೆಸೇಜನ್ನೂ ತೋರಿಸಿದೆ. ಬೈಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ನಿಜವಾದ ಫಾರ್ಮ್ ಎಷ್ಟಿತ್ತು?" ಹನ್ನೆರಡು ಅಂದೆ. "ಹೆದ್ದಾರಿ ಬಂದ್ ಆಗಿದ್ದು ಇಡೀ ರಾಜ್ಯಕ್ಕೆ ಗೊತ್ತಿತ್ತು. ಆ ಹನ್ನೆರಡನ್ನೇ ಹಿಡಿದುಕೊಂಡು ಬಂದಿದ್ರೆ ನಿನಗೆ ಹದಿನೈದು ದಿನ ಕೊಡಿಸ್ತಿದ್ದೆ. ಅದಕ್ಕೇ ನಾನು ಫೋನ್ ಮಾಡ್ತಾ ಇದ್ದದ್ದು."

ಅದಕ್ಕೇ ಫೋನ್ ಮಾಡುತ್ತಿದ್ದರು. ನಾನು ಎತ್ತಿರಲಿಲ್ಲ.

ಪ್ರಬಂಧ ರದ್ದಾಯಿತು. ಮುಂದಿನ ಬ್ಯಾಚಿನ ಜೊತೆ ಮತ್ತೆ ಮಾಡಬೇಕಾಯಿತು, ಒಂದು ವರ್ಷ ಹೋಯಿತು, ಬಿ.ಎಡ್. ಅರ್ಜಿ ಹಾಕೋದೂ ತಪ್ಪಿತು. ಇಷ್ಟಕ್ಕೇ ಮುಗಿದದ್ದು ನನ್ನ ಪುಣ್ಯ. ಕೃತಿಚೌರ್ಯದ ಬಗ್ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ ಇದೆ, ನನಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಪ್ರಬಂಧದಲ್ಲಿ ಬೇರೆಯವರ ಬರಹಕ್ಕೆ ಹೋಲುವ ಭಾಗ ಶೇ. 10ರ ಒಳಗಿದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷದವರೆಗೆ ತಿದ್ದಿದ ಪ್ರಬಂಧ ಸಲ್ಲಿಸುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಎಷ್ಟು ಭಾಗ ಎಲ್ಲಿಂದ ಎತ್ತಿದ್ದು ಅಂತ ನಿಮಗೆ ಹೇಗೆ ತಿಳಿಯಬೇಕು ಹೇಳಿ?

ಆ ಮನುಷ್ಯನಿಗೆ ಮೇಡಂ ಎದುರೇ ಬರೆದೆ, "ಕಾಲೇಜಿನಲ್ಲಿ ನಾನೇ ಎಲ್ಲ ಹೇಳಿದ್ದೇನೆ, ಕಳಿಸೋದಿದ್ದರೆ ಕಳಿಸಿ." ಆಮೇಲೆ ಅವನಿಂದ ಒಂದು ಮಾತೂ ಬರಲಿಲ್ಲ. ಎರಡು ತಿಂಗಳು ನನ್ನ ಊಟ ನಿದ್ದೆ ಕೆಡಿಸಿದವನು ಒಂದು ಸಾಲಿಗೆ ಸುಮ್ಮನಾದ. ದುಡ್ಡು ಮಾತ್ರ ವಾಪಸ್ ಬರಲಿಲ್ಲ. ದೂರು ಕೊಡೋದು ತಡ ಆಗಿತ್ತು.

"ಅಣ್ಣಾ, ಈಗ ದುಡ್ಡು ಯಾಕೆ ಕೊಡಬೇಕು, ಎಐ ಹತ್ರ ಬರೆಸಿದ್ರೆ ಆಯ್ತಲ್ವಾ" ಅಂತಲೂ ತಂಗಿ ಕೇಳಿದಳು. ವಾಕ್ಯ ಚೆನ್ನಾಗಿ ಬರಬಹುದು. ಆದರೆ ನಮ್ಮೂರ ಮನೆಗಳಲ್ಲಿ ಯಾರು ಎಷ್ಟು ಖರ್ಚು ಮಾಡಿದರು ಅನ್ನೋದನ್ನು ಅದು ಎಲ್ಲಿಂದ ತರಬೇಕು? ಕೇಳಿದರೆ ಅಂಕಿ ಕೊಟ್ಟುಬಿಡುತ್ತದೆ, ಆ ಅಂಕಿಯ ಹಿಂದೆ ಮನುಷ್ಯರು ಇರುವುದಿಲ್ಲ. ನಾನೂ ರೂಮ್‌ಮೇಟೂ ರಾತ್ರಿಯೆಲ್ಲ ಕೂತು ತುಂಬಿದ ಮೂವತ್ತೆಂಟು ಫಾರ್ಮಿಗೂ ಅದಕ್ಕೂ ವ್ಯತ್ಯಾಸ ಇಲ್ಲ.

2025ರ ಮಳೆಗಾಲದಲ್ಲಿ ಐವತ್ತು ಮನೆಗೂ ನಾನೇ ಹೋದೆ. ಎಷ್ಟು ದಿನ ಬೇಕಾಯಿತು ಗೊತ್ತಾ? ಒಂಬತ್ತು. ಮದ್ದಿನ ಸಾಮಾನಿಗೇ ಜಾಸ್ತಿ ಖರ್ಚು ಅಂತ ನಾನು ತಿಳಿದಿದ್ದೆ, ಆದರೆ ಹೆಚ್ಚಿನ ಮನೆಯವರು ಮೊದಲು ಹೇಳಿದ್ದು ಕೊನೆಗೌಡ ಸಿಗದ ಕಷ್ಟ. ಮರ ಹತ್ತುವವರು ಸರಿಯಾದ ಹೊತ್ತಿಗೆ ಬರದೆ ಎರಡನೇ ಮದ್ದು ತಡವಾಗಿ, ಕೊಳೆ ಬಿದ್ದು, ಉದುರಿದ ಕಾಯಿಯನ್ನು ಹೆಡಿಗೆ ತುಂಬಿಸಿ ಅಂಗಳದಲ್ಲಿ ಇಟ್ಟಿದ್ದ ಒಬ್ಬ ಅಜ್ಜ, ಅದರೊಳಗೆ ಕೈ ಹಾಕಿ ಒಂದು ಕಾಯಿ ಎತ್ತಿ ನನ್ನ ಅಂಗೈ ಮೇಲಿಟ್ಟರು. ಬಿಳಿ ಬೂಸ್ಟು ಹಿಡಿದು ಮೆತ್ತಗಾಗಿತ್ತು. "ಇದನ್ನೂ ಬರ್ಕ" ಅಂದರು. ಬರೆದುಕೊಂಡೆ.

ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಹಾಕಿಕೊಂಡವರು ಇದನ್ನು ಓದುತ್ತಿದ್ದರೆ, ಇನ್ನೊಂದು ರೂಪಾಯಿ ಹಾಕಬೇಡಿ. ಚಾಟ್ ಅಳಿಸಬೇಡಿ, ಅವನ ನಂಬರ್, ದುಡ್ಡು ಹಾಕಿದ ಯುಪಿಐ ವಿವರ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಕಾರವಾರದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗಬಹುದು. ಹೆದರಿಸಿ ಹಣ ಕೀಳೋದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂನಲ್ಲಿ ಅಪರಾಧ, ನೀವು ತಪ್ಪು ಮಾಡಿದ್ದೀರಿ ಅನ್ನೋ ಕಾರಣಕ್ಕೆ ಅವನಿಗೆ ಆ ಹಕ್ಕು ಬರುವುದಿಲ್ಲ. ಮತ್ತು ಗೈಡ್‌ಗೆ ನೀವೇ ಹೇಳಿ, ಅವನು ಹೇಳುವ ಮುಂಚೆ.

ಇನ್ನೂ ಕೊಟ್ಟಿಲ್ಲ, ನಾಳೆ ನಾಡಿದ್ದು ಕೊನೆಯ ದಿನ, ಕೈಯಲ್ಲಿ ಅರ್ಧಂಬರ್ಧ ಇದೆ ಅನ್ನುವವರು ಆ ಅರ್ಧವನ್ನೇ ತೆಗೆದುಕೊಂಡು ಬೆಳಿಗ್ಗೆ ಹೋಗಿ ನಿಮ್ಮ ಮೇಡಂ ಎದುರು, ಸರ್ ಎದುರು ನಿಂತುಕೊಳ್ಳಿ. ತಂಗಿ ಹಾಗೇ ಮಾಡಿದಳು. ಬೈಸಿಕೊಂಡಳು, ಒಂದು ವಾರ ಸಿಕ್ಕಿತು. ಈಗ ಕೂತು ಬರೆಯುತ್ತಿದ್ದಾಳೆ.