ಆಂಡಿಸ್ ಬೆಟ್ಟಗಳಲ್ಲಿ ಒಂದೂವರೆ ಲೀಟರಿನ ಕುಕ್ಕರ್: ಮೂರು ಸೀಸನ್ ಆದಮೇಲೆ

ಮೊದಲು ತೂಕದ ಮಾತು, ಬೈಗುಳ ಬೀಳುವುದೆಲ್ಲ ಅದಕ್ಕೇ. ಒಳಮುಚ್ಚಳದ 1.5 ಲೀಟರ್ ಅಲ್ಯೂಮಿನಿಯಂ ಕುಕ್ಕರ್ ಹಿಡಿ, ವೇಯ್ಟ್ ಎಲ್ಲ ಸೇರಿ ಸುಮಾರು ಒಂದು ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಟೈಟೇನಿಯಂ ಪಾತ್ರೆ 150 ಗ್ರಾಂ ಆಸುಪಾಸು. ಪೆರುವಿನ ಹುವಾಯ್‌ಹುವಾಶ್ ಬೆಟ್ಟಸಾಲಿನ ಸುತ್ತುನಡಿಗೆಯಲ್ಲಿ 4700 ಮೀಟರಿನ ಪಾಸ್ (ಬೆಟ್ಟ ದಾಟುವ ದಾರಿ) ಏರುವಾಗ ಈ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಒಬ್ಬರೇ ಹೋಗುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇಬ್ಬರಿದ್ದರೆ ಕುಕ್ಕರ್ ಒಬ್ಬರ ಬೆನ್ನಿಗೆ, ಒಲೆ ಮತ್ತು ಗ್ಯಾಸ್ ಇನ್ನೊಬ್ಬರ ಬೆನ್ನಿಗೆ. ಕುಕ್ಕರಿನ ಹೊಟ್ಟೆಯೊಳಗೆ ಅಕ್ಕಿ, ಬೇಳೆ, ಉಪ್ಪು, ಸಾರಿನ ಪುಡಿ ತುಂಬಿದರೆ ಜಾಗ ದಂಡವಾಗುವುದಿಲ್ಲ.

ಇಷ್ಟು ಭಾರ ಯಾಕೆ ಹೊರಬೇಕು? 4000 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, 5000ದಲ್ಲಿ 83ಕ್ಕೆ. ಉರಿ ಎಷ್ಟು ಜೋರು ಮಾಡಿದರೂ ಅದಕ್ಕಿಂತ ಬಿಸಿಯಾಗದು. ತೆರೆದ ಪಾತ್ರೆಯಲ್ಲಿ ಅನ್ನ ಹೇಗೋ ಆದೀತು, ನಡುವೆ ಕಾಳು ಕಾಳು. ಬೇಳೆಯಂತೂ ಒಂದು ತಾಸು ಕುದಿದರೂ ಹಲ್ಲಿಗೆ ಸಿಗುತ್ತದೆ. ಕುಕ್ಕರಿನ ವೇಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೂ ಒಂದು ಬಾರ್, ಅಂದರೆ ಸುಮಾರು ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು, ಸೇರಿಸುತ್ತದೆ. ಮೇಲೆ ಗಾಳಿಯೇ ತೆಳುವಾದ್ದರಿಂದ ಒಳಗೆ ಊರಿನ 120 ಡಿಗ್ರಿ ಬರುವುದಿಲ್ಲ, 113 ಆಸುಪಾಸು ಬರುತ್ತದೆ. ಆದ್ದರಿಂದ ಮನೆಯ ಕೂಗಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮನೆಯಲ್ಲಿ ಮೂರಕ್ಕೆ ಆಗುವುದು ಇಲ್ಲಿ ನಾಲ್ಕೈದಕ್ಕೆ. ಪೆರು, ಬೊಲಿವಿಯದ ಎತ್ತರದ ಊರುಗಳ ಅಡುಗೆಮನೆಯಲ್ಲೂ ಕುಕ್ಕರ್ ಇರುವುದು ಇದೇ ಕಾರಣಕ್ಕೆ.

ಬಟಾಣಿಬೇಳೆ ಹುಗ್ಗಿಯ ಕ್ರಮ ಹೀಗೆ. ಅಲ್ಲಿನ ಸಂತೆಯಲ್ಲಿ ಆರ್ವೆಹಾ ಪಾರ್ತಿದಾ ಎಂದು ಕೇಳಿದರೆ ಬಟಾಣಿಬೇಳೆ ಕೊಡುತ್ತಾರೆ. ಬೆಳಿಗ್ಗೆ ಟೆಂಟ್ ಮಡಿಸುವಾಗಲೇ 60 ಗ್ರಾಂ ಬೇಳೆಯನ್ನು ಅಗಲಬಾಯಿಯ ಬಾಟಲಿಯಲ್ಲಿ ನೆನೆಹಾಕಿ ಬ್ಯಾಗಿನ ಪಕ್ಕದ ಜೇಬಿಗೆ ಸೇರಿಸಬೇಕು. ನಡಿಗೆ ಮುಗಿಯುವಷ್ಟರಲ್ಲಿ ಬೇಳೆ ಉಬ್ಬಿರುತ್ತದೆ. ಸಂಜೆ ಅದಕ್ಕೆ 100 ಗ್ರಾಂ ಅಕ್ಕಿ, ಒಟ್ಟು 600 ಮಿಲಿ ನೀರು. ಮುಚ್ಚಳವಿಲ್ಲದೆ ನಾಲ್ಕು ನಿಮಿಷ ಕುದಿಸಿ ನೊರೆ ತೆಗೆಯಬೇಕು, ಒಂದು ಚಮಚ ಎಣ್ಣೆ ಬಿಡಬೇಕು, ಆಮೇಲೆ ಮುಚ್ಚಳ. ಈ ನಾಲ್ಕು ನಿಮಿಷ ಉಳಿಸಲು ಹೋದರೆ ನೊರೆ ಏರಿ ವೇಯ್ಟಿನ ತೂತು ಕಟ್ಟಿಕೊಳ್ಳುತ್ತದೆ, ಕೊನೆಗೆ ಸೇಫ್ಟಿ ವಾಲ್ವ್ ಹಾರುತ್ತದೆ. ಅಲ್ಲಿನ ಸಣ್ಣ ಕಾಳು ಕೀನ್ವಾ ಇದರಲ್ಲಿ ಬೇಳೆಗಿಂತ ತುಂಟ. ನೊರೆ ನಿಲ್ಲುವವರೆಗೆ ತೊಳೆದು, ಕುಕ್ಕರಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತುಂಬದಿರುವುದು ಕ್ಷೇಮ.

ನಾಲ್ಕೈದು ಕೂಗಿಗೆ ಕಾಯದೆ ಎರಡು ಕೂಗು ಆದಮೇಲೆ ಒಲೆ ಆರಿಸಿಬಿಡಿ, ಉಳಿದದ್ದು ಒಳಗಿನ ಬಿಸಿಯಲ್ಲೇ ಬೇಯಬೇಕು. ಆದರೆ ಅಲ್ಲಿನ ಚಳಿಯಲ್ಲಿ ಕುಕ್ಕರನ್ನು ಹಾಗೇ ಬಿಟ್ಟರೆ ಬೇಳೆ ಮೆತ್ತಗಾಗುವ ಮೊದಲೇ ಒತ್ತಡ ಇಳಿದುಹೋಗುತ್ತದೆ. ಬರಿ ಕಲ್ಲಿನ ಮೇಲಿಟ್ಟರೆ ಕಲ್ಲು ಬಿಸಿ ಹೀರುತ್ತದೆ, ಮಲಗುವ ಫೋಮ್ ಮೇಲಿಟ್ಟರೆ ಫೋಮೇ ಕರಗುತ್ತದೆ. ನಾಲ್ಕು ಮಡಿಕೆಯ ಉಣ್ಣೆಬಟ್ಟೆಯ ಮೇಲಿಟ್ಟು, ಇನ್ನೊಂದು ಉಣ್ಣೆಬಟ್ಟೆ ಸುತ್ತಬೇಕು. ವೇಯ್ಟ್ ಮತ್ತು ವಾಲ್ವ್ ಮಾತ್ರ ಹೊರಗಿರಲಿ. 15 ನಿಮಿಷಕ್ಕೆ ಬಿಚ್ಚಿದರೆ ಸೌಟು ತಾಗಿದ ಕಡೆ ಬೇಳೆ ಕರಗುತ್ತದೆ, ಹುಗ್ಗಿ ಅಂಚು ಬಿಡುತ್ತದೆ. ಇಡೀ ದಿನ ಬಿಸ್ಕತ್ತು ತಿಂದ ಬಾಯಿಗೆ ಆ ಮೊದಲ ತುತ್ತು ಕಿಲೋ ಭಾರವನ್ನು ಮರೆಸುತ್ತದೆ.

ತೂಕದ ದೂರೂ ಇಲ್ಲಿಂದ ಸ್ವಲ್ಪ ಮೆತ್ತಗಾಗುತ್ತದೆ. ದಿನಕ್ಕೆ ಎರಡು ಸಲ ಬಿಸಿನೀರು, ಒಂದು ಸಲ ಅಡುಗೆ ಎಂದರೆ ಇಬ್ಬರಿಗೆ ಸುಮಾರು 40 ಗ್ರಾಂ ಗ್ಯಾಸ್. 230 ಗ್ರಾಮಿನ ಡಬ್ಬಿ ಐದು ದಿನ ಬರುತ್ತದೆ, ಹತ್ತು ದಿನಕ್ಕೆ ಎರಡು ಡಬ್ಬಿ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಹಟವಿದ್ದರೆ ನಾಲ್ಕು ಬೇಕಾದೀತು. ವಿಮಾನದಲ್ಲಿ ಡಬ್ಬಿ ಒಯ್ಯುವಂತಿಲ್ಲ, ಪೆರುವಿನ ವರಾಜ್ ಅಥವಾ ಕುಸ್ಕೋ ಊರಿನಲ್ಲಿ ಕೊಳ್ಳಬೇಕು. ಡಬ್ಬಿಯ ತಲೆಯ ಮೇಲೇ ಕೂರುವ ಪುಟ್ಟ ಬರ್ನರ್ ಈ ಕುಕ್ಕರಿಗೆ ಬೇಡವೇ ಬೇಡ. ತುಂಬಿದ ಕುಕ್ಕರ್ ಅದರ ಮೇಲೆ ತೂಗಾಡಿ ಉರುಳುತ್ತದೆ, ಸುತ್ತ ಗಾಳಿತಡೆ ಕಟ್ಟಿದರೆ ಡಬ್ಬಿಯೇ ಕಾಯುತ್ತದೆ. ಪೈಪಿನಿಂದ ಜೋಡಿಸುವ, ಅಗಲ ಕಾಲಿನ ಒಲೆ ಸರಿ. ಎಷ್ಟೇ ಚಳಿಯಿದ್ದರೂ ಟೆಂಟಿನೊಳಗೆ ಹಚ್ಚಬೇಡಿ. ತೆಳುಗಾಳಿಯಲ್ಲಿ ಉರಿ ಪೂರ್ತಿ ಸುಡದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುತ್ತದೆ.

ಬೊಲಿವಿಯದ ಕಡೆ ಹೋದರೆ ಚುನ್ಯೋ ಹಾಕಿ ನೋಡಿ. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿ, ತುಳಿದು, ಒಣಗಿಸಿದ ಆಲೂಗಡ್ಡೆ ಅದು. ನೋಡಲು ಕಲ್ಲುಹರಳಿನಂತೆ, ಕೈಗೆ ಹಗುರ. ಹಿಂದಿನ ರಾತ್ರಿಯೇ ನೆನೆಹಾಕಿ, ನೀರು ಹಿಂಡಿ, ಸಾರಿನ ಜೊತೆ ಕೂಗಿಸಿದರೆ ಸಾರನ್ನೆಲ್ಲ ಕುಡಿದು ಕೂರುತ್ತದೆ. ಅಳತೆಯ ಕೊರತೆಯನ್ನೂ ಇದೇ ತುಂಬುತ್ತದೆ. ಅರ್ಧದ ಗೆರೆ ಮೀರಬಾರದ ಕಾರಣ 1.5 ಲೀಟರಿನ ಕುಕ್ಕರಿನ ಹುಗ್ಗಿ ಹಸಿದ ಇಬ್ಬರಿಗೆ ತುಸು ಕಮ್ಮಿಯೇ. ಊರಿನಿಂದ ಬೇಳೆ ಒಯ್ಯುವ ಆಸೆಯಿದ್ದರೆ, ಚಿಲಿಗೆ ದಾಟುವಾಗ ಕಾಳು-ಬೀಜ ಏನಿದ್ದರೂ ಗಡಿಯಲ್ಲಿ ಬರೆದುಕೊಡಬೇಕು ಎಂಬುದು ನೆನಪಿರಲಿ.

ಇನ್ನು ನಿಜವಾದ ತಕರಾರು ಗ್ಯಾಸ್ಕೆಟಿನದು. ಸೊನ್ನೆಗಿಂತ ಕೆಳಗಿನ ರಾತ್ರಿಗಳಲ್ಲಿ ರಬ್ಬರ್ ಸೆಡೆತು ಬಿಲ್ಲಿನಂತಾಗುತ್ತದೆ. ಹಾಗೇ ಮುಚ್ಚಿದರೆ ಅಂಚಿನಿಂದ ಹಬೆ ಸೋರಿ ಕೂಗೇ ಬರುವುದಿಲ್ಲ, ನೀರು ಬತ್ತಿ ತಳ ಹಿಡಿಯುತ್ತದೆ. ಮುಚ್ಚುವ ಮೊದಲು ಐದು ನಿಮಿಷ ಬಿಸಿನೀರಿನಲ್ಲಿಟ್ಟರೆ ಮೆತ್ತಗಾಗುತ್ತದೆ. ರಾತ್ರಿ ಸೆಡೆಯದಿರಲು ಗ್ಯಾಸ್ ಡಬ್ಬಿಯ ಜೊತೆ ಅದನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬಹುದು. ಎರಡನೆಯದು ಬಾಯಿಯ ಅಂಚು. ಬಸ್ಸಿನ ಡಿಕ್ಕಿಯಲ್ಲಿ ಒಂದು ಪೆಟ್ಟು ತಿಂದು ನೆಗ್ಗಿದರೆ ಕುಕ್ಕರ್ ಬರೀ ಭಾರದ ಪಾತ್ರೆ. ಬಸ್ ಹತ್ತುವ ದಿನ ಒಳಗೆ ಬಟ್ಟೆ ತುರುಕಿ, ಬ್ಯಾಗಿನ ನಟ್ಟನಡುವೆ ಇಡಿ. ಹಿಡಿಯ ಸ್ಕ್ರೂ ಎಂಟು-ಹತ್ತು ದಿನಕ್ಕೊಮ್ಮೆ ಸಡಿಲವಾಗುತ್ತದೆ, ಚಾಕುವಿನ ತುದಿ ಸಾಕು.

ನೂಡಲ್ಸ್, ಓಟ್ಸ್‌ನಲ್ಲೇ ದಿನ ದೂಡುವ ಜೋಡಿಗೆ, ಅಥವಾ ಪೆರುವಿನ ನಾಲ್ಕು ದಿನದ ಸಾಂತಾ ಕ್ರೂಸ್ ನಡಿಗೆದಾರಿಗೆ ಇದು ಬೇಡ. ಎಂಟು ದಿನ ಮೀರಿದ ನಡಿಗೆ, ಸಂಜೆಗೆ ಅನ್ನವೇ ಬೇಕು ಎನ್ನುವ ಇಬ್ಬರು ಇದ್ದರೆ ಕೊಳ್ಳಿ. ಬಿಡಿ ಗ್ಯಾಸ್ಕೆಟ್ ಎರಡು ಊರಿನಿಂದಲೇ ತೆಗೆದುಕೊಂಡು ಹೋಗಿ. ಅಲ್ಲಿ ಸಿಗುವುದು ಮನೆಮಂದಿಗೆಲ್ಲ ಬೇಯಿಸುವ ದೊಡ್ಡ ಕುಕ್ಕರಿನ ರಬ್ಬರ್, ಇದರ ಅಂಡಾಕಾರದ ಮುಚ್ಚಳಕ್ಕೆ ಕೂರುವುದಿಲ್ಲ.