ಹಪ್ಪಳದ ಅಂಗಡಿಗೆ ವೆಬ್‌ಸೈಟ್: ಎರಡು ಬಿಲ್ಡರ್ ಬಳಸಿದ ಮೇಲೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದು ಸಣ್ಣ ಹೋಮ್ ಪ್ರಾಡಕ್ಟ್ಸ್ ಅಂಗಡಿ. ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ. ಊರಿನವರು ಅಂಗಡಿಗೇ ಬರುತ್ತಾರೆ. ವೆಬ್‌ಸೈಟ್ ಬೇಕಾದದ್ದು ಮುಂಬೈ, ಬೆಂಗಳೂರಿನ ಗಿರಾಕಿಗಳಿಗೆ.

ಮೊದಲು ತೆಗೆದುಕೊಂಡದ್ದು ಒಂದು ವಿದೇಶಿ ಬಿಲ್ಡರ್, ಅಂದರೆ ಕೋಡ್ ಬರೆಯದೆ ವೆಬ್‌ಸೈಟ್ ಕಟ್ಟಿಕೊಳ್ಳುವ ಆನ್‌ಲೈನ್ ಸೇವೆ. ಹೆಸರು ಬೇಡ. ಎಳೆದು ಬಿಟ್ಟರೆ ಪುಟ ರೆಡಿ, ಸಿದ್ಧ ವಿನ್ಯಾಸದ ಟೆಂಪ್ಲೇಟ್‌ಗಳಂತೂ ಕಣ್ಣಿಗೆ ಹಬ್ಬ. ಆದರೆ ಅವು ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದವು. ಸಾಲುಗಳ ನಡುವೆ ಜಾಗ ಕಡಿಮೆ, ಬಟನ್ನಿನ ಎತ್ತರ ಕಡಿಮೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದಲ್ವಾ? ಅದು ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ಮೊಬೈಲಿನಲ್ಲಿ ನೋಡಿದರೆ ಹಪ್ಪಳ ಹೋಗಿ 'ಹಪಳ', ಉಪ್ಪಿನಕಾಯಿ ಹೋಗಿ 'ಉಪಿನಕಾಯಿ'. ಸಪೋರ್ಟ್‌ನವರಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ, ಬೇರೆ ಫಾಂಟ್ ಹಾಕಿ ನೋಡಿ ಎಂದರು. ಫಾಂಟ್ ಒಂದರ ತಪ್ಪಲ್ಲ ಮಾರಾಯ್ರೆ ಅದು! ನೀವು ಯಾವ ಬಿಲ್ಡರ್ ನೋಡಿದರೂ ಟ್ರಯಲ್‌ನಲ್ಲೇ ಒತ್ತಕ್ಷರ ಇರುವ ನಿಮ್ಮ ಸಾಮಾನಿನ ಹೆಸರನ್ನು ಬಟನ್ನಿನಲ್ಲಿ ಟೈಪ್ ಮಾಡಿ, ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡಿ.

ಅದಕ್ಕಿಂತ ದೊಡ್ಡ ತಲೆನೋವು ಬಂದದ್ದು ಮಳೆಗಾಲದಲ್ಲಿ. ಹಪ್ಪಳ ಒಣಗಲು ಬಿಸಿಲು ಬೇಕು. ಜೂನ್ ಹಿಡಿಯಿತೆಂದರೆ ಹೊಸ ಹಪ್ಪಳ ಇಲ್ಲ, ಇದ್ದದ್ದು ಖಾಲಿಯಾಗುತ್ತಾ ಹೋಗುತ್ತದೆ. ಗಿರಾಕಿಗಳಿಗೆ ಹಪ್ಪಳ ನೆನಪಾಗುವುದೂ ಆಗಲೇ. ಸ್ಟಾಕ್ ಇಲ್ಲ ಎಂದು ಹಾಕಬೇಕೆಂದರೆ ಲ್ಯಾಪ್‌ಟಾಪ್ ತೆರೆಯಬೇಕು, ಆ ಕೆಲಸ ಗೊತ್ತಿರುವುದು ನನಗೊಬ್ಬನಿಗೇ. ನಾನು ಸಂಜೆ ಮನೆಗೆ ಬರುವಷ್ಟರಲ್ಲಿ ದುಡ್ಡು ಕಟ್ಟಿದ ಆರ್ಡರ್ ಬಂದಿರುತ್ತಿತ್ತು. ಮತ್ತೆ ಫೋನ್ ಮಾಡಿ ಸಮಾಧಾನ ಹೇಳುವುದು, ದುಡ್ಡು ವಾಪಸ್ ಹಾಕುವುದು.

ಎರಡನೇ ವರ್ಷದ ಬಿಲ್ ನೋಡಿ ಅದನ್ನು ಬಿಟ್ಟೆವು. ದೊಡ್ಡಕ್ಷರದ ರೇಟು ಮೊದಲ ವರ್ಷಕ್ಕೆ ಮಾತ್ರ ಎಂದು ಎಲ್ಲೋ ಸಣ್ಣಕ್ಷರದಲ್ಲಿ ಇತ್ತಂತೆ. ಹೊರಡುವಾಗ ಪುಟಗಳನ್ನು ಹೊತ್ತೊಯ್ಯುವ ದಾರಿಯೂ ಇಲ್ಲ, ಎಲ್ಲ ಹೊಸದಾಗಿ ಟೈಪ್ ಮಾಡಿದೆವು. ಡೊಮೈನ್, ಅಂದರೆ ಸೈಟಿನ ವಿಳಾಸ, ಬೇರೆ ಕಡೆ ನಮ್ಮ ಹೆಸರಿನಲ್ಲೇ ಇದ್ದುದರಿಂದ ಪ್ಯಾಕೆಟ್ ಮೇಲಿನ ವಿಳಾಸ ಮಾತ್ರ ಉಳಿಯಿತು. ಇದು ಸಣ್ಣ ಮಾತಲ್ಲ. ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ಮುಚ್ಚಿತು. ಅದರ ವಿಳಾಸವನ್ನು ಬೋರ್ಡಿನಲ್ಲಿ ಬರೆಸಿದ್ದವರು ಬೋರ್ಡನ್ನೇ ಬದಲಿಸಬೇಕಾಯಿತು.

ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈ ಕೂಡ ನೋಡಿದ್ದೆವು. ಅದರ ಸ್ವಂತ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲ. ಹೊರಗಿನ ಗೇಟ್‌ವೇ (ಗಿರಾಕಿಯ ದುಡ್ಡು ನಮಗೆ ತಲುಪಿಸುವ ಕಂಪನಿ) ಹಾಕಿದರೆ ಅವರಿಗೂ ಕಮಿಷನ್, ಶಾಪಿಫೈಗೂ ಕಮಿಷನ್. ಹಪ್ಪಳದ ಕಟ್ಟಿಗೆ ಇದು ಗಿಟ್ಟುವುದಿಲ್ಲ.

ಈಗ ಇರುವುದು ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅದರ ಮೇಲೆ ಆರ್ಡರ್, ಸ್ಟಾಕ್ ನೋಡಿಕೊಳ್ಳುವ ವೂಕಾಮರ್ಸ್. ಎರಡೂ ಪುಕ್ಕಟೆ. ಹೋಸ್ಟಿಂಗ್ (ಸೈಟ್ ಇಡುವ ಜಾಗದ ಬಾಡಿಗೆ), ಡೊಮೈನ್, ಗೇಟ್‌ವೇಯವರ ಕಮಿಷನ್‌ಗೆ ಮಾತ್ರ ಖರ್ಚು. ಶುರುವಿನಲ್ಲಿ ಕಷ್ಟ ಉಂಟು, ಸುಮ್ನೆ ಸುಲಭ ಎನ್ನುವುದಿಲ್ಲ. ಗೊತ್ತಿರುವ ಹುಡುಗನೊಬ್ಬನನ್ನು ಕೂರಿಸಿಕೊಂಡು ಮಾಡಿದೆವು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ, ಸಾಲಿನ ಅಂತರ ಹೆಚ್ಚಿಸಿದ ಮೇಲೆ ಒತ್ತಕ್ಷರ ಸರಿಯಾಯಿತು. ಗೇಟ್‌ವೇಯವರು ಒಪ್ಪಬೇಕಾದರೆ ರಿಫಂಡ್, ಪ್ರೈವೆಸಿ, ಸಂಪರ್ಕದ ಪುಟಗಳು ಸೈಟಿನಲ್ಲಿ ಇರಲೇಬೇಕು. ಅದನ್ನು ಮೊದಲೇ ಬರೆದಿಡಿ.

ನನ್ನ ಲೆಕ್ಕದಲ್ಲಿ ಇದು ಗೆದ್ದದ್ದು ಒಂದೇ ಕಾರಣಕ್ಕೆ. ವೂಕಾಮರ್ಸ್‌ನ ಆ್ಯಪ್ ಅತ್ತಿಗೆಯ ಫೋನಿನಲ್ಲಿದೆ. ಡಬ್ಬದ ತಳ ಕಂಡ ಕೂಡಲೇ ಅವರೇ ಅಲ್ಲಿಂದಲೇ 'ಔಟ್ ಆಫ್ ಸ್ಟಾಕ್' ಒತ್ತುತ್ತಾರೆ. ನನ್ನನ್ನು ಕೇಳುವುದೂ ಇಲ್ಲ. ಬಿಲ್ಡರ್ ಆರಿಸುವಾಗ ಟೆಂಪ್ಲೇಟ್ ಆಮೇಲೆ ನೋಡಿ. ಅಂಗಡಿಯಲ್ಲಿ ದಿನವಿಡೀ ಇರುವವರ ಕೈಗೆ ಫೋನ್ ಕೊಟ್ಟು, ಒಂದು ರೇಟು ಬದಲಿಸಿ ಎಂದು ಹೇಳಿ ನೋಡಿ.

ಕಿರಿಕಿರಿ ಇಲ್ಲವೆಂದಲ್ಲ. ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಅಪ್‌ಡೇಟ್, ಬ್ಯಾಕಪ್ ಎಲ್ಲ ನಮ್ಮದೇ ತಲೆಗೆ. ಬಿಟ್ಟರೆ ಹ್ಯಾಕ್ ಆಗುವ ಭಯ. ಇಷ್ಟೆಲ್ಲ ಬೇಡ ಎನ್ನುವವರಿಗೆ, ಅಂದರೆ ಹೊರಗೆ ಸಾಮಾನು ಕಳಿಸದ ಟೈಲರ್ ಅಂಗಡಿ, ಸೆಲೂನಿನವರಿಗೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ಸಮಯ, ನಾಲ್ಕು ಒಳ್ಳೆಯ ಫೋಟೊ, ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್ ಧಾರಾಳ ಸಾಕು. ಅದಕ್ಕೆ ವರ್ಷ ವರ್ಷ ಬಿಲ್ಲೂ ಬರುವುದಿಲ್ಲ.