ಮಗ್ಗುಲಾಗಿ ಮಲಗೋರಿಗೆ ಹಾಸಿಗೆ: ಎಂ.ಜಿ. ರಸ್ತೆಯ ಅಂಗಡಿ, ಚಿಕ್ಕಮಗಳೂರು

ನನ್ನ ತೂಕ 46 ಕೆ.ಜಿ., ಮಲಗೋದು ಎಡ ಮಗ್ಗುಲಿಗೆ, ಭುಜ-ಸೊಂಟದ ನೋವು ಹಳೇದು. ‘ನೋವಿಗೆ ಗಟ್ಟಿ ಹಾಸಿಗೆನೇ ಸರಿ ಮೇಡಂ’ ಅಂತ ಎಲ್ಲ ಕಡೆ ತೆಂಗಿನ ನಾರಿನದ್ದನ್ನೇ ತೋರಿಸ್ತಾರೆ. ಹಗುರ ಮೈ ಅದರಲ್ಲಿ ಇಳಿಯೋದೇ ಇಲ್ಲ. ಭಾರವೆಲ್ಲ ಭುಜ, ಸೊಂಟದ ಮೂಳೆ ಮೇಲೇ ಬೀಳುತ್ತೆ. ಈ ಅಂಗಡಿಯವರು ಮಾತ್ರ ಚಪ್ಪಲಿ ಬಿಡಿಸಿ, ಕಾಲು ಗಂಟೆ ಮಗ್ಗುಲಾಗೇ ಮಲಗಿ ನೋಡೋಕೆ ಬಿಟ್ರು. ಎಷ್ಟು ದೊಡ್ಡ ಉಪಕಾರ!

ಮೆಮೊರಿ ಫೋಮ್ (ಮೈ ಬಿಸಿಗೆ ಮೆತ್ತಗಾಗೋ ಫೋಮ್) ಬೇಡ ಅಂದೆ, ನಮ್ಮೂರ ಡಿಸೆಂಬರ್ ಚಳಿಗೆ ಅದು ಬಿಗಿಯಾಗುತ್ತೆ. ರಬ್ಬರ್ ಫೋಮ್ ಆದ ಲೇಟೆಕ್ಸ್‌ಗೆ ಆ ಕಾಟ ಕಡಿಮೆ. 6 ಇಂಚಿನ ಮೆತ್ತನೆಯದ್ದು ತಗೊಂಡೆ. ಬೆಲೆ ಜಾಸ್ತಿನೇ, ಎತ್ತೋಕೆ ಭಾರ, ಬಿಸಿಲಿಗೆ ಹಾಕೋ ಹಾಗಿಲ್ಲ. ಭುಜ ಜೋಮು ಹಿಡಿಯೋದು ನಿಂತಿದೆ. ಸೊಂಟದ ನೋವು ಹೋಗಿಲ್ಲ, ಆದ್ರೆ ರಾತ್ರಿ ಎಬ್ಬಿಸಲ್ಲ. ದಿಂಬು ಮಾತ್ರ ಕಿವಿ-ಭುಜದ ನಡುವಿನ ಸಂದಿ ತುಂಬೋವಷ್ಟು ಎತ್ತರದ್ದು ನೋಡಿ ತಗೊಳ್ಳಿ.